ತಗಡಿನ ಕೋಣೆ, ವಾಳದ ತಟ್ಟಿ

ವಿರೂಪಾಪುರಗಡ್ಡೆಯ ಪಕೀರಮ್ಮ ಬೇಸಿಗೆಗೆ ಕಾಯುವ ಹೆಂಗಸು. ತುಂಗಭದ್ರೆಯ ನಡುವಿನ ಆ ಊರಿನಲ್ಲಿ ಉಳಿದವರು ಮಳೆಗೆ, ಭತ್ತದ ನಾಟಿಗೆ ಕಾಯುತ್ತಿದ್ದರೆ ಇವಳು ಹೊಳೆ ಇಳಿಯುವುದನ್ನು ನೋಡುತ್ತಿದ್ದಳು. ಶಿವರಾತ್ರಿ ಕಳೆದು ನೀರು ಬಂಡೆಗಳ ಸಂದಿಗೆ ಸರಿದ ಮೇಲೆ ದಂಡೆಯ ಹಸಿ ಮಣ್ಣಿನಲ್ಲಿ ಲಾವಂಚದ ಹುಲ್ಲಿನ ಬುಡ ಅಗೆಯಲು ಬರುತ್ತಿತ್ತು. ಬೇರು ಕಿತ್ತು, ತೊಳೆದು, ಒಣಗಿಸಿ, ಬಿದಿರಿನ ಚೌಕಟ್ಟಿನಲ್ಲಿ ತೆಳ್ಳಗೆ ಹರಡಿ, ಪುಂಡಿನಾರಿನ ಹುರಿಯಿಂದ ಬಿಗಿದು ಅವಳು ತಟ್ಟಿ ಕಟ್ಟುತ್ತಿದ್ದಳು. ಆ ಕಡೆಯ ಜನ ಲಾವಂಚಕ್ಕೆ ವಾಳ ಎನ್ನುತ್ತಾರೆ. ಬಿಸಿಗಾಳಿ ಬರುವ ಬಾಗಿಲಿಗೆ ವಾಳದ ತಟ್ಟಿ ನಿಲ್ಲಿಸಿ ಆಗಾಗ ನೀರು ಹೊಡೆಯುತ್ತಿದ್ದರೆ, ಹೊರಗಿನ ಕೆಂಡದಂಥ ಗಾಳಿ ಒಳಗೆ ಬರುವಷ್ಟರಲ್ಲಿ ತಣ್ಣಗಾಗುತ್ತದೆ. ಗಂಗಾವತಿ, ಕೊಪ್ಪಳದ ಕಚೇರಿಯವರಿಗೆ, ದೊಡ್ಡ ಸಾಹೇಬರ ಬಂಗಲೆಗಳಿಗೆ ಅವಳ ತಟ್ಟಿಗಳು ಹೋಗುತ್ತಿದ್ದವು. ಗಂಡ ಹೊನ್ನೂರಪ್ಪ ಹರಿಗೋಲು ಹಾಕುವವನು. ಹೊಳೆಯಲ್ಲಿ ನೀರು ಕಡಿಮೆಯಾದರೆ ಅವನಿಗೆ ಕೆಲಸವಿಲ್ಲ, ಇವಳಿಗೆ ಕೈತುಂಬ ಕೆಲಸ.

೧೯೪೩ರ ಬೇಸಿಗೆಯಲ್ಲಿ ಅವಳಿಗೆ ಕುಕನೂರಿನಿಂದ ಹೇಳಿಕೆ ಬಂತು. ಹೇಳಿಕಳಿಸಿದವನು ಕೊಟ್ರಬಸಪ್ಪ, ಜೋಳ ಮತ್ತು ಶೇಂಗಾದ ಸಾಹುಕಾರ. ಯುದ್ಧದ ಕಾಲ, ನಿಜಾಮ ಸರಕಾರ ಊರೂರಿಂದ ಕಡ್ಡಾಯದ ಲೆವಿ ಜೋಳ ಎತ್ತಿಸುತ್ತಿತ್ತು. ಆ ಕೆಲಸಕ್ಕೆ ಕೊಪ್ಪಳಕ್ಕೆ ಹೋಗಿದ್ದ ಕೊಟ್ರಬಸಪ್ಪ ಅಧಿಕಾರಿಯೊಬ್ಬರ ಕೋಣೆಯಲ್ಲಿ ಒಂದು ತಾಸು ಕೂತಿದ್ದ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಬಿಸಿಲು ಕಪಾಳಕ್ಕೆ ಬಡಿದಂತಾಗಿ, ಒಳಗಿನ ತಂಪು ಎಲ್ಲಿಂದ ಬಂತು ಎಂದು ಜವಾನನನ್ನು ಕೇಳಿ ತಿಳಿದುಕೊಂಡಿದ್ದ. ಈಗ ಅದೇ ಸಾಹೇಬರು ದಾಸ್ತಾನು ನೋಡಲು ಕುಕನೂರಿಗೆ ಬರುವವರಿದ್ದರು. ಅವರು ಬಂದು ಕೂರುವ ಹೊತ್ತಿಗೆ ತನ್ನ ಪಡಸಾಲೆಯೂ ಹಾಗೆಯೇ ತಂಪಾಗಿರಬೇಕು ಎಂಬುದು ಅವನ ಹಟ.

ಪಕೀರಮ್ಮ ಸುತ್ತಿದ ತಟ್ಟಿಯನ್ನು ರೈಲಿಗೆ ಹಾಕಿಸಿಕೊಂಡು ಭಾನಾಪುರದಲ್ಲಿ ಇಳಿದಳು. ಅಲ್ಲಿಂದ ಸಾಹುಕಾರನ ಗಾಡಿ. ಎರಡೂ ಕಡೆ ಎರೆಹೊಲ ಕೈ ಹೋಗುವಷ್ಟು ಅಗಲಕ್ಕೆ ಬಿರಿದಿತ್ತು. ಗಡ್ಡೆಯಲ್ಲಿಯೂ ಬಿಸಿಲಿಗೇನು ಕಡಿಮೆಯಿರಲಿಲ್ಲ, ಆದರೆ ಅಲ್ಲಿ ನಾಲ್ಕು ಹೆಜ್ಜೆ ನಡೆದರೆ ಹೊಳೆ. ಇಲ್ಲಿ ಗಾಳಿಯೇ ಬಾಯಿ ಒಣಗಿಸುತ್ತಿತ್ತು. ಊರು ಮುಟ್ಟುವಷ್ಟರಲ್ಲಿ ಅವಳು ಸೆರಗನ್ನು ಮೂರು ಸಲ ತೊಯ್ಸಿ ತಲೆಯ ಮೇಲೆ ಹಾಕಿಕೊಂಡಿದ್ದಳು.

ಸಾಹುಕಾರನ ಮನೆ ಹಳೆಯದು, ಮಾಳಿಗೆಯದು. ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಹಾಸು. ಹಿಂದೆ ಬಚ್ಚಲಿಗೆ ಹೊಂದಿ ಒಂದು ಹೊಸ ಕೋಣೆ ಇತ್ತು, ಅದಕ್ಕೆ ತಗಡು ಹಾಕಿತ್ತು. ಕೊಟ್ರಬಸಪ್ಪ ಪಕೀರಮ್ಮನನ್ನು ಹಿತ್ತಿಲಿಗೆ ಕರೆದೊಯ್ದು ಅದನ್ನು ತೋರಿಸಿಯೇ ತೋರಿಸಿದ.

"ಹುಬ್ಬಳ್ಳಿಯಿಂದ ತರಿಸೀನಿ, ಯುದ್ಧ ಸುರು ಆಗೂದ್ರಾಗ. ಈಗ ಬೇಡಿದ್ರೂ ಇಂಥ ತಗಡು ಸಿಗಂಗಿಲ್ಲ. ಮಳಿಗಾಲದಾಗ ಒಂದು ಹನಿ ಸೋರಂಗಿಲ್ಲ."

"ಬ್ಯಾಸಗ್ಯಾಗ ಹೆಂಗ್ರೀ ಸಾವ್ಕಾರ್ರ?" ಎಂದಳು ಪಕೀರಮ್ಮ.

"ಬ್ಯಾಸಗಿ ಎಲ್ಲಾ ಕಡೆ ಬ್ಯಾಸಗಿನ ಅಲ್ಲೇನು," ಎಂದು ಅವನು ಮುಂದೆ ನಡೆದ.

ಮರುದಿನ ಅವಳು ಪಡಸಾಲೆಯ ಪಡುವಣ ಬಾಗಿಲಿಗೆ ತಟ್ಟಿ ಕಟ್ಟಿದಳು. ಎದುರಿನ ನಡುಮನೆಯ ಬಾಗಿಲು, ಅದರ ಹಿಂದಿನ ಹಿತ್ತಿಲ ಬಾಗಿಲು ಎರಡನ್ನೂ ತೆರೆದಿಡಲು ಹೇಳಿದಳು.

"ಗಾಳಿಗೆ ಬರಾಕ ಒಂದು ದಾರಿ ಆದ್ರ ಹೋಗಾಕೂ ಒಂದು ದಾರಿ ಬೇಕ್ರಿ. ಬಾಗಲಾ ಹಾಕಿದ್ರ ಒಳಗ ಉಗಿ ಹಿಡಿತೈತಿ, ತಂಪು ಆಗಂಗಿಲ್ಲ."

ನೀರಿನ ಮಾತು ಬಂದಾಗ ಸಾಹುಕಾರನ ಹೆಂಡತಿ ವಿರೂಪಾಕ್ಷಮ್ಮ ಹೊರಗೆ ಬಂದಳು. ಐವತ್ತರ ಹೆಂಗಸು, ಎತ್ತರದ ಆಳು, ಮನೆಯಲ್ಲಿ ಅವಳ ಮಾತಿಗೆ ಗಂಡನೂ ಎದುರಾಡುತ್ತಿರಲಿಲ್ಲ. ಊರಿನ ಸಿಹಿನೀರಿನ ಬಾವಿ ಹಳ್ಳದ ಆಚೆ ಇತ್ತು, ಕೊಡ ಹೊತ್ತು ತರಬೇಕು. ಹಿತ್ತಿಲಲ್ಲಿದ್ದುದು ಸವಳು ಬಾವಿ.

"ಸೀನೀರು ಒಂದು ತಂಬಿಗಿ ಕೊಡಂಗಿಲ್ಲ ನೋಡವಾ. ಹುಲ್ಲಿಗೆ ಸುರುವಾಕ ನನ್ನ ಮನ್ಯಾಗ ಸೀನೀರಿಲ್ಲ."

"ಸವಳನೀರ ಸಾಕ್ರೀ ಅವ್ವಾರ. ಆದ್ರ ಬೇರಿಗೆ ಉಪ್ಪು ಹಿಡಿತೈತಿ. ಎರಡು ದಿನಕ್ಕೊಮ್ಮಿ ಬಿಚ್ಚಿ ಬಡದು ಕೊಡವಬೇಕಾಕೈತಿ. ಅದನ್ನ ನಾನ ಮಾಡ್ತೀನಿ. ಎಂಟು ದಿನ ಇಲ್ಲೇ ಇದ್ದು, ಮನಿಯವರಿಗೆ ಕಲಿಸಿಕೊಟ್ಟು ಹೋಗ್ತೀನಿ."

ಅದು ಅವಳ ಪದ್ಧತಿ. ಮಲಗಲು ಹಿತ್ತಿಲ ಬದಿಯ ದನದ ಅಂಕಣ, ಎರಡು ಹೊತ್ತು ರೊಟ್ಟಿ. ಪಡಸಾಲೆಯವರೆಗೆ ಅವಳು ಬರಬಹುದು, ಅದರಾಚೆ ಒಳಮನೆಗೆ ಕಾಲಿಡುವಂತಿರಲಿಲ್ಲ.

ಮೊದಲ ಮಧ್ಯಾಹ್ನ ತಟ್ಟಿಗೆ ನೀರು ಬಿದ್ದು, ಪಡುಗಾಳಿ ಬೀಸಿ, ಪಡಸಾಲೆಯ ತುಂಬ ಹಸಿ ಬೇರಿನ ವಾಸನೆ ಹರಡಿದಾಗ ಕೊಟ್ರಬಸಪ್ಪ ಲೋಡಿಗೆ ಒರಗಿ ಕೂತು, ಯಾರು ಬಂದರೂ "ಬರ್ರಿ, ಒಳಗ ಬಂದು ಕುಂದರ್ರಿ, ಹೊರಗ ಯಾಕ ನಿಂತೀರಿ" ಎಂದು ಕರೆಯತೊಡಗಿದ. ಎರಡೇ ದಿನಗಳಲ್ಲಿ ಓಣಿಯ ಗಂಡಸರೆಲ್ಲ ಒಂದಲ್ಲ ಒಂದು ನೆವ ಹೇಳಿ ಬಂದು ಕೂತು ಹೋದರು.

ಹೊರಗೆ ಬಿಸಿಲಲ್ಲಿ ನಿಂತು ನೀರು ಹೊಡೆಯುವ ಪಕೀರಮ್ಮನಿಗೆ ಮಾತ್ರ ಬೇರೆ ಒಂದು ಸದ್ದು ಕೇಳುತ್ತಿತ್ತು. ಬಾವಿಗೆ ಹೋದಾಗಲೆಲ್ಲ ತಗಡಿನ ಕೋಣೆಯಿಂದ ಎಳೆಗೂಸಿನ ಅಳು ಬರುತ್ತಿತ್ತು.

ಆ ಕೋಣೆಯಲ್ಲಿ ಬಾಣಂತಿ ಇದ್ದಳು. ಸೊಸೆ ಶೇಖರಮ್ಮ, ಇರಕಲ್ಲಗಡದ ಹುಡುಗಿ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕಿತ್ತು. ತವರಿನಲ್ಲಿ ತಾಯಿ ಇಲ್ಲದ್ದರಿಂದ ವಿರೂಪಾಕ್ಷಮ್ಮ ತಾನೇ ಮಾಡುತ್ತೇನೆಂದು ಇಲ್ಲಿ ಇರಿಸಿಕೊಂಡಿದ್ದಳು. ಗಂಡ ಗವಿಸಿದ್ದಪ್ಪ ಶೇಂಗಾದ ಗಾಡಿಗಳ ಜೊತೆ ಗದಗಿಗೆ ಹೋಗಿದ್ದ. ಹೆಣ್ಣುಕೂಸು ಹುಟ್ಟಿ ಆರು ದಿನವಾಗಿತ್ತು. ವಿರೂಪಾಕ್ಷಮ್ಮ ಬಾಣಂತನದಲ್ಲಿ ಒಂದು ಕೊರತೆಯನ್ನೂ ಮಾಡಿರಲಿಲ್ಲ. ಕಿಟಕಿಗೆ ಗೋಣಿ, ಬಾಗಿಲಿಗೆ ಕಂಬಳಿ, ಮಲಗುವ ಹೊರಸಿನ ಕೆಳಗೆ ಹಗಲೂ ರಾತ್ರಿ ಕೆಂಡದ ಅಗ್ಗಿಷ್ಟಿಗೆ. ಬಾಣಂತಿಯ ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಕುಡಿಯಲು ದಿನಕ್ಕೆ ಎರಡು ಬಟ್ಟಲು ಬಿಸಿನೀರು, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ. ಹಾಗೆ ವಿರೂಪಾಕ್ಷಮ್ಮನಿಗೆ ಅವಳ ಅತ್ತೆ ಮಾಡಿದ್ದಳು, ಅತ್ತೆಗೆ ಅವಳ ಅತ್ತೆ.

ಆದರೆ ಆ ಅತ್ತೆಯರ ತಲೆಯ ಮೇಲೆ ಮಣ್ಣಿನ ಮಾಳಿಗೆ ಇತ್ತು, ತಗಡಿರಲಿಲ್ಲ.

ದಿನಾ ಬೆಳಿಗ್ಗೆ ತಾಯಿ-ಕೂಸಿಗೆ ನೀರೆರೆಯಲು ಬರುತ್ತಿದ್ದವಳು ಸೂಲಗಿತ್ತಿ ಗೌಸಬೀ. ಅರವತ್ತು ದಾಟಿದವಳು, ಕುಕನೂರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ನಾಲ್ಕನೆಯ ದಿನ ಅವಳು ಕೆಲಸ ಮುಗಿಸಿ ಬಾವಿಕಟ್ಟೆಯ ಮೇಲೆ ಬಂದು ಕೂತಳು. ಪಕೀರಮ್ಮ ಆಗ ತಟ್ಟಿಯನ್ನು ಬಿಚ್ಚಿ ಕಲ್ಲಿಗೆ ಬಡಿದು ಬೇರಿನ ಉಪ್ಪು ಉದುರಿಸುತ್ತಿದ್ದಳು.

"ನಿನ್ನಿಯಿಂದ ಕೂಸಿನ ಅಳು ಸಣ್ಣಗಾಗೈತಲ್ಲಬೇ," ಎಂದಳು ಪಕೀರಮ್ಮ.

"ಸಣ್ಣಗಾಗೂದು ಛಲೋ ಅಲ್ಲ." ಗೌಸಬೀ ಎಲೆಅಡಿಕೆಯ ಚೀಲ ತೆಗೆದು ಮತ್ತೆ ಕಟ್ಟಿದಳು. "ನೆತ್ತಿ ಕುಣಿ ಬಿದ್ದೈತಿ. ಉಚ್ಚಿ ಮಾಡೂದು ಕಡಿಮಿ ಆಗೈತಿ. ಮೊಲಿ ಹಿಡಿತೈತಿ, ಬಿಡತೈತಿ. ತಾಯಿಗೆ ಹಾಲಿಲ್ಲ. ನೀರ ಕುಡಿಸದಿದ್ರ ಹಾಲು ಎಲ್ಲಿಂದ ಬರತೈತಿ? ಆ ತಗಡಿನ್ಯಾಗ ಕೈ ಇಟ್ರ ಸುಡತೈತಿ, ಮ್ಯಾಲಿಂದ ಕೆಂಡ ಬ್ಯಾರೆ."

"ಅವ್ವಾರಿಗೆ ಹೇಳಲಿಲ್ಲೇನು?"

"ಮೂರು ಸಲ ಹೇಳೀನಿ. ಎಂಟು ಹಡದೀನಿ, ನನಗ ಕಲಸ್ತೀ ಏನು ಅಂತಾಳ. ನಾಳೆ ಬರಬ್ಯಾಡ ಅಂದ್ರ ಎರೆಯವ್ರೂ ಇಲ್ಲದಂಗಾಗತೈತಿ. ಅದಕ್ಕ ಬಾಯಿ ಮುಚ್ಚಿಕೊಂಡು ಬರಾಕತ್ತೀನಿ."

ಅಂದು ಸಂಜೆ ರೊಟ್ಟಿ ಕೊಡಲು ವಿರೂಪಾಕ್ಷಮ್ಮ ಹಿತ್ತಿಲಿಗೆ ಬಂದಾಗ ಪಕೀರಮ್ಮ ಧೈರ್ಯ ಮಾಡಿದಳು.

"ಅವ್ವಾರ, ಸಿಟ್ಟಾಗಬ್ಯಾಡ್ರಿ. ನಡಮನ್ಯಾಗ ಪಡಸಾಲಿ ಗಾಳಿ ಬರತೈತಿ. ಬಾಣಂತಿ ಹೊರಸು ಅಲ್ಲಿಗೆ ತಂದ್ರ ಹೆಂಗ್ರಿ? ಮ್ಯಾಲ ಮಾಳಗಿ ಐತಿ. ಗಾಳಿ ನೆಟ್ಟಗ ತಾಗಂಗಿಲ್ಲ."

ವಿರೂಪಾಕ್ಷಮ್ಮ ರೊಟ್ಟಿಯನ್ನು ಬುಟ್ಟಿಯಲ್ಲಿ ಇಟ್ಟಳು, ಕೈಗೆ ಕೊಡಲಿಲ್ಲ.

"ಹಸಿ ಬಾಣಂತಿಗೆ ಹಸಿ ಗಾಳಿ? ಸನ್ನಿ ಹಿಡದು ಸತ್ರ ನಿನ್ನ ತಟ್ಟಿ ಬದಕಸ್ತೈತೇನು? ನೀ ತಟ್ಟಿ ಕಟ್ಟಾಕ ಬಂದಾಕಿ, ತಟ್ಟಿ ಕಟ್ಟು."

ಪಕೀರಮ್ಮ ಬುಟ್ಟಿ ಎತ್ತಿಕೊಂಡು ದನದ ಅಂಕಣಕ್ಕೆ ನಡೆದಳು. ಅವಳಿಗೂ ಮೂರು ಮಕ್ಕಳಾಗಿದ್ದವು. ಅವಳ ಗುಡಿಸಲಿನಲ್ಲಿ ಅಗ್ಗಿಷ್ಟಿಗೆಗೆ ಸೌದೆಯೂ ಇರಲಿಲ್ಲ, ಮುಚ್ಚಲು ಬಾಗಿಲೂ ಇರಲಿಲ್ಲ. ಬಾಣಂತನವೆಂದರೆ ಐದನೆಯ ದಿನಕ್ಕೆ ಹೊಳೆಗೆ ಬಟ್ಟೆ ಒಗೆಯಲು ಹೋದದ್ದು. ಬಡವರ ಮೈ ಬೇರೆ, ಸಾಹುಕಾರರ ಮೈ ಬೇರೆ ಇರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಕೂಸಿನ ಅಳು ಕೂಸಿನ ಅಳುವೇ ಆಗಿತ್ತು, ಅದು ಇನ್ನೂ ಸಣ್ಣದಾಗುತ್ತಿತ್ತು.

ಮರುದಿನ ಸಾಹೇಬರು ಬರುವ ದಿನ. ಬೆಳಿಗ್ಗೆಯಿಂದ ಮನೆಯಲ್ಲಿ ಓಡಾಟ. ಪಡಸಾಲೆಗೆ ಹೊಸ ಜಮಖಾನೆ, ಗಾದಿ, ಬಿಳಿ ಹೊದಿಕೆಯ ಲೋಡು. ಹನ್ನೊಂದು ಗಂಟೆಗೆ ಪಕೀರಮ್ಮ ಮೊದಲ ಕೊಡ ಸೇದಿ ತಗಡಿನ ಕೋಣೆಯ ಪಕ್ಕದಿಂದ ಹೋಗುತ್ತಿದ್ದಾಗ ಕಿಟಕಿಯ ಗೋಣಿ ಅಲುಗಿತು. ಒಳಗಿನಿಂದ ಒಣಗಿದ ದನಿ.

"ಯಾರವ್ವಾ ಅದು?"

"ತಟ್ಟಿಯಾಕಿ, ತಾಯಿ. ಪಕೀರಮ್ಮ."

"ಆ ವಾಸನಿ ನಿಂದ ಏನು? ಮಧ್ಯಾಹ್ನ ಆದ ಕೂಡ್ಲೆ ಬರತೈತಿ. ಮಳಿ ಬಂತಂತ ತಿಳಕೊಂಡಿದ್ದೆ."

"ವಾಳದ್ದು. ಪಡಸಾಲ್ಯಾಗ ಕಟ್ಟೀನಿ."

"ಅಲ್ಲಿ ತಂಪು ಐತೇನು?"

"ಐತಿ."

"ಎಷ್ಟು ತಂಪು?"

ಪಕೀರಮ್ಮ ಕೊಡವನ್ನು ಕೆಳಗಿಟ್ಟಳು. "ಹೊಳಿ ದಂಡಿಗೆ ಗಿಡದ ಕೆಳಗ ಕುಂತಂಗ," ಎಂದಳು.

ಗೋಣಿ ಮತ್ತೆ ಅಲುಗಿತು. ಆಮೇಲೆ, "ನನಗೊಂದು ತಂಬಿಗಿ ನೀರು ಕೊಡ್ತೀ?"

ಪಕೀರಮ್ಮ ಸುತ್ತ ನೋಡಿದಳು. ಅವಳ ಹತ್ತಿರ ಕುಡಿಯಲು ತಂದಿಟ್ಟುಕೊಂಡ ಸಿಹಿನೀರಿನ ಮಗಿ ಇತ್ತು. "ನನ್ನ ಕೈ ನೀರು ಆಗತೈತೇನು ತಾಯಿ? ಅವ್ವಾರಿಗೆ ಗೊತ್ತಾದ್ರ..."

"ಕೊಡವ್ವಾ."

ಗೋಣಿಯ ಸಂದಿಯಿಂದ ಒಂದು ಕೈ ಹೊರಗೆ ಬಂತು. ಮಗಿ ಒಳಗೆ ಹೋಯಿತು. ಗಟಗಟ ಕುಡಿಯುವ ಸದ್ದು ಕೇಳಿಸಿತು, ನಡುವೆ ಒಮ್ಮೆಯೂ ನಿಲ್ಲಲಿಲ್ಲ. ಮಗಿ ಹೊರಗೆ ಬಂದಾಗ ಅದರಲ್ಲಿ ಒಂದು ಹನಿಯೂ ಇರಲಿಲ್ಲ. ಆ ಗೋಣಿಯ ಸಂದಿಯಿಂದ ಬಂದ ಝಳಕ್ಕೆ ಪಕೀರಮ್ಮ ಮುಖ ಹಿಂದಕ್ಕೆ ತೆಗೆದಳು. ಬಿಸಿಲಲ್ಲಿ ನಿಂತಿದ್ದ ಅವಳಿಗೇ ಅದು ಬಿಸಿ ಎನಿಸಿತ್ತು.

ಸಾಹೇಬರು ಎರಡು ಗಂಟೆಗೆ ಬಂದರು. ಕುದುರೆಗಾಡಿ ಇಳಿದಾಗ ಅವರ ಕೋಟಿನ ಬೆನ್ನು ಪೂರ್ತಿ ತೊಯ್ದಿತ್ತು. ಪಡಸಾಲೆಯ ಒಳಗೆ ಕಾಲಿಟ್ಟು, ಟೋಪಿ ತೆಗೆದು, "ಸುಭಾನಲ್ಲಾ" ಎಂದರು. ಕೊಟ್ರಬಸಪ್ಪನ ಮುಖ ಅರಳಿದ್ದು ತಟ್ಟಿಯ ಆಚೆ ನಿಂತ ಪಕೀರಮ್ಮನಿಗೆ ಬೇರುಗಳ ಸಂದಿಯಿಂದಲೇ ಕಂಡಿತು. ಪಾನಕ ಬಂತು. ಜೋಳದ ಚೀಲಗಳ ಮಾತು ಶುರುವಾಯಿತು. ಅವಳು ಒಂದೇ ಸಮನೆ ಮಗಿಯಿಂದ ನೀರು ಹೊಡೆಯುತ್ತಿದ್ದಳು. ಗಾಳಿ ಅಂದು ಜೋರಾಗಿತ್ತು, ತಟ್ಟಿ ಬೇಗ ಬೇಗ ಒಣಗುತ್ತಿತ್ತು.

ಆಗ ಒಳಗಿನ ಮಾತು ತಟ್ಟನೆ ನಿಂತಿತು.

ಪಕೀರಮ್ಮ ತಟ್ಟಿಗೆ ಕಣ್ಣು ಹಚ್ಚಿ ನೋಡಿದಳು. ನಡುಮನೆಯ ಬಾಗಿಲಲ್ಲಿ ಶೇಖರಮ್ಮ ನಿಂತಿದ್ದಳು. ತಲೆಯ ಬಟ್ಟೆಯ ಮೇಲೆ ಸೆರಗು, ಎದೆಗೆ ಅವಚಿದ ಕೂಸು, ಬರಿಗಾಲು. ಹಡೆದ ಮೇಲೆ ಅವಳು ಆ ಕೋಣೆಯಿಂದ ಇಷ್ಟು ದೂರ ನಡೆದದ್ದು ಇದೇ ಮೊದಲು. ಗೋಡೆ ಹಿಡಿದು ಹಿಡಿದು ಬಂದು, ಯಾರ ಮುಖವನ್ನೂ ನೋಡದೆ, ತಟ್ಟಿಯ ಎದುರಿಗೆ ಗಾದಿಯ ತುದಿಯಲ್ಲಿ ಕೂತುಬಿಟ್ಟಳು. ಸಾಹೇಬರು ಕೂತಲ್ಲಿಂದ ಎರಡು ಮಾರು ದೂರ.

"ಏ!" ಕೊಟ್ರಬಸಪ್ಪ ಎದ್ದು ನಿಂತ. "ಏನಿದು? ಮಂದಿ ಕುಂತಾರ ಕಾಣಂಗಿಲ್ಲೇನು? ಒಳಗ ನಡಿ."

"ಹೋಗಂಗಿಲ್ರಿ ಮಾವನವರ. ಕೂಸು ಕಣ್ಣು ತೆರಿವಲ್ದು."

ಮದುವೆಯಾಗಿ ಎರಡು ವರ್ಷದಲ್ಲಿ ಅವಳು ಮಾವನ ಎದುರು ಆಡಿದ ಮೊದಲ ಮಾತು ಅದು. ದನಿ ಏರಿಸಿ ಹೇಳಲಿಲ್ಲ. ಕೊಟ್ರಬಸಪ್ಪ ಸಾಹೇಬರ ಕಡೆ ನೋಡಿದ. ಸಾಹೇಬರು ಆಗಲೇ ಬೇರೆ ಕಡೆ ಮುಖ ತಿರುಗಿಸಿ ಎದ್ದಿದ್ದರು. ಟೋಪಿ ಕೈಗೆ ತೆಗೆದುಕೊಂಡು, ತಮ್ಮ ಮುರುಕು ಕನ್ನಡದಲ್ಲಿ, "ಬೇಟಿ ಇಲ್ಲಿ ಇರ್ಲಿ, ಸಾವುಕಾರ. ನಾವು ಹೊರಗೆ ಬೇವಿನ ಗಿಡಕ್ಕೆ ಕೂಡೂಣ. ನಡೀರಿ," ಎಂದರು. ಇಬ್ಬರು ಗುಮಾಸ್ತರೂ ಕಾಗದಪತ್ರ ಎತ್ತಿಕೊಂಡು ಅವರ ಹಿಂದೆ ಹೊರಟರು. ಪಾನಕದ ಲೋಟಗಳು ಅಲ್ಲೇ ಉಳಿದವು.

ಆ ಹೊತ್ತಿಗೆ ವಿರೂಪಾಕ್ಷಮ್ಮ ಒಳಗಿನಿಂದ ಓಡಿಬಂದಳು. ಖಾಲಿ ಹೊರಸು ನೋಡಿ ಬಂದಿರಬೇಕು, ಅವಳ ಕೈಯಲ್ಲಿ ಕೆಂಡ ಕೆದಕುವ ಚಿಮಟಿಗೆ ಹಾಗೆಯೇ ಇತ್ತು. ಸೊಸೆಯನ್ನು ಎಬ್ಬಿಸಲು ತೋಳು ಹಿಡಿದಳು.

"ಏಳ. ಏಳ ಅಂತೀನಿ. ಮನಿ ಮಾನ ಕಳದಿ. ಜೀವಾ ಕಳಕೋತಿ ಈಗ."

ಶೇಖರಮ್ಮ ಏಳಲಿಲ್ಲ. ಅತ್ತೆಯ ಕೈ ಬಿಡಿಸಿಕೊಳ್ಳಲೂ ಇಲ್ಲ. ಮಡಿಲಲ್ಲಿದ್ದ ಕೂಸಿನ ಬಟ್ಟೆ ಸರಿಸಿ ತೋರಿಸಿದಳು. "ನೋಡ್ರಿ ಅತ್ತಿ. ನೀವ ನೋಡ್ರಿ. ಎಂಟು ಹಡದೀರಿ, ಹಿಂಗ ಇದ್ದ ಕೂಸು ನೋಡೀರೇನು?"

ವಿರೂಪಾಕ್ಷಮ್ಮ ನೋಡಿದಳು. ದಿನಾ ನೋಡುತ್ತಿದ್ದ ಕೂಸೇ. ಆದರೆ ದಿನಾ ನೋಡುತ್ತಿದ್ದುದು ಕತ್ತಲ ಕೋಣೆಯಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ. ಪಡಸಾಲೆಯ ಹಗಲಿನಲ್ಲಿ ಅದರ ತುಟಿ ಸೀಳಿರುವುದು, ನೆತ್ತಿಯ ಮೆತ್ತನೆಯ ಜಾಗ ಬೆರಳಿಟ್ಟು ಒತ್ತಿದಂತೆ ತಗ್ಗಾಗಿರುವುದು ಕಂಡಿತು. ಅವಳ ಹಿಡಿತ ಸಡಿಲವಾಯಿತು.

ಪಕೀರಮ್ಮ ಇದನ್ನೆಲ್ಲ ನೋಡುತ್ತ ಕೈ ನಿಲ್ಲಿಸಿದ್ದಳು. ತಟ್ಟಿ ಒಣಗಿ ಗಾಳಿ ಬಿಸಿಯಾಗಿ ಬರತೊಡಗಿತು. ಶೇಖರಮ್ಮ ತಲೆ ಎತ್ತಿ ತಟ್ಟಿಯ ಕಡೆ ನೋಡಿದಳು. ಪಕೀರಮ್ಮನ ಕೊಡದಲ್ಲಿ ನೀರು ಮುಗಿದಿತ್ತು. ಬಾವಿಗೆ ಹೋಗಿ ಸೇದಿ ತರಬೇಕು. ಅವಳು ಓಡಿದಳು. ತುಂಬಿದ ಕೊಡ ಹೊತ್ತು ಮರಳಿ ಬರುವಷ್ಟರಲ್ಲಿ ತಟ್ಟಿಯ ಎದುರು ಬಿಸಿಲಲ್ಲಿ ವಿರೂಪಾಕ್ಷಮ್ಮ ನಿಂತಿದ್ದಳು. ಅಡುಗೆಮನೆಯ ತಾಮ್ರದ ಕೊಡ ಕಂಕುಳಲ್ಲಿತ್ತು, ಹಳ್ಳದಾಚೆಯಿಂದ ತಂದ ಸಿಹಿನೀರಿನದು. ಅದನ್ನು ತಟ್ಟಿಯ ಮೇಲೆ ಸುರಿಯುತ್ತಿದ್ದಳು. ಅರ್ಧ ನೀರು ನೆಲಕ್ಕೆ ಹೋಗುತ್ತಿತ್ತು.

"ಹಂಗಲ್ರಿ ಅವ್ವಾರ," ಎಂದಳು ಪಕೀರಮ್ಮ. "ಮ್ಯಾಲಿಂದ ಸ್ವಲ್ಪ ಸ್ವಲ್ಪ ಹೊಡೀರಿ. ಬೇರು ಕುಡೀಬೇಕು."

"ಹೆಂಗ? ಹಿಂಗ?"

"ಹಾಂ, ಹಿಂಗ."

ಗೌಸಬೀಗೆ ಕರೆ ಹೋಯಿತು. ಅವಳು ಬಂದವಳೇ ಬಾಣಂತಿಗೆ ಮೊದಲು ಕಾಯಿಸಿ ಆರಿಸಿದ ನೀರು ಕುಡಿಸಿದಳು, ಒಮ್ಮೆಲೇ ಅಲ್ಲ, ಗುಟುಕು ಗುಟುಕಾಗಿ, ಸಂಜೆಯವರೆಗೂ. ಆಮೇಲೆ ತೆಳ್ಳಗಿನ ರವೆಗಂಜಿ. ಕೂಸಿನ ಮೈಗೆ ತೊಯ್ದ ಬಟ್ಟೆ ಆಡಿಸಿದಳು. ಓಣಿಯಲ್ಲಿ ಎರಡು ತಿಂಗಳ ಬಾಣಂತಿಯೊಬ್ಬಳಿದ್ದಳು, ಕನಕಮ್ಮ ಎಂದು. ಅವಳನ್ನು ಕರೆಸಿ ಹಾಲು ಹಿಂಡಿಸಿ, ಹತ್ತಿಯ ಬತ್ತಿಯಿಂದ ಹನಿ ಹನಿಯಾಗಿ ಕೂಸಿನ ಬಾಯಿಗೆ ಬಿಟ್ಟಳು. ಮೊದಲ ಹನಿಗಳು ಕಟವಾಯಿಯಿಂದ ಹೊರಗೆ ಬಂದವು. ಗೌಸಬೀ ಒರೆಸಿ ಮತ್ತೆ ಬಿಟ್ಟಳು. ತಟ್ಟಿಯ ಮೇಲೆ ನೀರು ಬೀಳುವ ಸದ್ದೊಂದೇ.

ಬಿಸಿಲು ಇಳಿದು ಗೋಡೆಯ ನೆರಳು ಬೀದಿಗೆ ಬಂದಾಗ ಕೂಸು ಬತ್ತಿಯನ್ನು ಚೀಪಿತು. ದೀಪ ಹಚ್ಚುವ ಹೊತ್ತಿಗೆ ಜಮಖಾನೆ ತೊಯ್ಸಿತು. ಸಾಹೇಬರಿಗಾಗಿ ಹಾಸಿದ ಹೊಸ ಜಮಖಾನೆ. ಗೌಸಬೀ ಅದನ್ನು ಮುಟ್ಟಿ ನೋಡಿ ಜೋರಾಗಿ ನಕ್ಕಳು. "ಅಕ್ಕಾರ, ಉಚ್ಚಿ ಹೊಯ್ದಾಳ ನೋಡ್ರಿ ನಿಮ್ಮ ಮೊಮ್ಮಗಳು. ಇನ್ನ ಹೆದರಬ್ಯಾಡ್ರಿ."

ಆ ರಾತ್ರಿಯಿಂದ ಬಾಣಂತಿ ಪಡಸಾಲೆಯಲ್ಲೇ ಉಳಿದಳು. ಹಗ್ಗ ಕಟ್ಟಿ, ಎರಡು ಇಳಕಲ್ ಸೀರೆ ಇಳಿಬಿಟ್ಟು ಅರ್ಧ ಪಡಸಾಲೆಯನ್ನು ಮರೆ ಮಾಡಿದರು. ಗಾಳಿ ನೆಟ್ಟಗೆ ಮೈಗೆ ಬಡಿಯದಂತೆ ಹೊರಸನ್ನು ಮೂಲೆಗೆ ಸರಿಸಿದ್ದು ವಿರೂಪಾಕ್ಷಮ್ಮನ ಮಾತಿನ ಮೇಲೆ. ಅದು ಸರಿಯೇ ಎಂದು ಪಕೀರಮ್ಮನೂ ಒಪ್ಪಿದಳು. ಅಗ್ಗಿಷ್ಟಿಗೆಯನ್ನು ಯಾರೂ ಒಳಗೆ ತರಲಿಲ್ಲ. ತರಬಾರದೆಂದು ಯಾರೂ ಬಾಯಿ ಬಿಟ್ಟು ಹೇಳಲೂ ಇಲ್ಲ. ಗಂಡಸರ ಬೈಠಕ್ಕು ಬೇವಿನ ಗಿಡದ ಕೆಳಗೆ ಹೋಯಿತು. ಕೊಟ್ರಬಸಪ್ಪ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಸಾಹೇಬರಿಗೆ ಅವಮಾನವಾಯಿತು, ತನ್ನ ಕೆಲಸ ಕೆಟ್ಟಿತು ಎಂಬ ಕೊರಗು ಅವನಿಗೆ. ಮೂರನೆಯ ದಿನ ಕೊಪ್ಪಳದಿಂದ ಬಂದ ಕಾಗದದಲ್ಲಿ ಜೋಳದ ವಿಷಯ ಮುಗಿದ ಮೇಲೆ ಕೊನೆಗೆ ಒಂದು ಸಾಲಿತ್ತು: ಮಗು ಹೇಗಿದೆ, ತಿಳಿಸುವುದು. ಅದನ್ನು ಓದಿಸಿ ಕೇಳಿದ ಮೇಲೆ ಅವನು ಒಳಗೆ ಬಂದು, ಸೀರೆಯ ಮರೆಯ ಈಚೆ ನಿಂತು, "ಕೂಸು ಹೆಂಗೈತಿ?" ಎಂದು ಹೆಂಡತಿಯನ್ನು ಕೇಳಿದ.

"ನಿಮ್ಮ ತಗಡಿನ ಕೆಳಗ ಇಲ್ಲ, ಅದಕ್ಕ ಛಲೋ ಐತಿ," ಎಂದಳು ವಿರೂಪಾಕ್ಷಮ್ಮ.

ಎಂಟು ದಿನಕ್ಕೆಂದು ಬಂದ ಪಕೀರಮ್ಮ ಇಪ್ಪತ್ತೆರಡು ದಿನ ನಿಂತಳು. ಕೂಸಿನ ತೊಟ್ಟಿಲಿನ ದಿನವೂ ಅವಳು ತಟ್ಟಿಗೆ ನೀರು ಹೊಡೆಯುತ್ತಿದ್ದಳು. ಗವಿಸಿದ್ದಪ್ಪ ಗದಗಿನಿಂದ ಬಂದು, ನಡೆದದ್ದನ್ನೆಲ್ಲ ಕೇಳಿ, ಬಾವಿಗೆ ಹೋಗಿ ಎರಡು ಕೊಡ ನೀರು ಸೇದಿ ತಂದಿಟ್ಟ. ಶೇಖರಮ್ಮನಿಗೆ ಹಾಲು ತಿರುಗಿ ಬಂತು. ಅವಳು ಮರೆಯ ಹಿಂದಿನಿಂದ ಆಗಾಗ ಪಕೀರಮ್ಮನನ್ನು ಮಾತಾಡಿಸುತ್ತಿದ್ದಳು: ಗಡ್ಡೆಯಲ್ಲಿ ಹೊಳೆ ತುಂಬಿದರೆ ಏನು ಮಾಡುತ್ತೀರಿ, ಹರಿಗೋಲಿನಲ್ಲಿ ಕೂತರೆ ತಲೆ ತಿರುಗುತ್ತದೆಯೇ ಎಂದು. ಸೊಸೆ ಮಂದಿಯ ಎದುರು ಬಂದ ಮಾತನ್ನು ಓಣಿಯವರು ಬಹಳ ದಿನ ಆಡಿಕೊಂಡರು. ಮನೆಯೊಳಗೆ ಅದರ ಮಾತು ಯಾರೂ ಎತ್ತಲಿಲ್ಲ.

ರೋಹಿಣಿ ಮಳೆ ಹೂಡುವ ಹೊತ್ತಿಗೆ ಮೋಡ ಕಟ್ಟಿತು, ಗಾಳಿಯಲ್ಲಿ ಪಸೆ ಬಂತು. ಪಸೆ ಇದ್ದ ಗಾಳಿಗೆ ತಟ್ಟಿ ಕೆಲಸ ಮಾಡುವುದಿಲ್ಲ. ಪಕೀರಮ್ಮ ಅದನ್ನು ಬಿಚ್ಚಿ ತೊಳೆದು, ನೆರಳಲ್ಲಿ ಒಣಗಿಸಿ, ಮುಂದಿನ ವರ್ಷಕ್ಕೆ ಪಡಸಾಲೆಯ ಜಂತೆಗೆ ಕಟ್ಟಿದಳು. ಅಂದು ಅವಳನ್ನು ಕರೆದು ರೊಟ್ಟಿ ಕೊಡುವಾಗ ವಿರೂಪಾಕ್ಷಮ್ಮ ಹಿತ್ತಿಲ ಕಟ್ಟೆಯ ಮೇಲೆ ಅವಳ ಎದುರಿಗೇ ಕೂತಳು. ಹಾಗೆ ಅವಳು ಹಿಂದೆ ಕೂತಿರಲಿಲ್ಲ.

"ಪಕೀರವ್ವ, ಒಂದು ಕೇಳ್ತೀನಿ. ಖರೇ ಹೇಳು."

"ಕೇಳ್ರಿ ಅವ್ವಾರ."

"ಎಂಟು ಹಡದೀನಿ ಅಂತ ಹೇಳ್ತಿರತೀನಿ. ಉಳದದ್ದು ನಾಕು. ಎರಡು ದೊಡ್ಡವಾಗಿ ಸಿಡಬಿನ್ಯಾಗ ಹ್ವಾದ್ವು. ಇನ್ನೆರಡು ಬಾಣಂತಿ ಹೊರಸಿನ ಮ್ಯಾಲ ಹ್ವಾದ್ವು. ಒಂದು ಏಳು ದಿನದ್ದು, ಒಂದು ಹನ್ನೊಂದು ದಿನದ್ದು. ಎರಡೂ ಬ್ಯಾಸಗ್ಯಾಗ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಕೆಂಡ ಇಟ್ಟಿದ್ರು. ನೀರ ಕೊಟ್ಟಿರಲಿಲ್ಲ. ನೆತ್ತಿ ಹಿಂಗ ತಗ್ಗಾಗಿತ್ತು. ನಾ ನೋಡಿದ್ದೆ. ದೃಷ್ಟಿ ಅಂದ್ರು, ಹೌದು ಅಂದೆ. ಅವೂ ಹಿಂಗ ಹ್ವಾದ್ವೇನು?"

ಪಕೀರಮ್ಮನ ಕೈಯಲ್ಲಿ ರೊಟ್ಟಿ ಇತ್ತು. ಅದನ್ನು ಮುರಿಯಲಿಲ್ಲ. ಹೌದು ಎಂದರೆ ಈ ಹೆಂಗಸು ಉಳಿದ ವರ್ಷಗಳನ್ನು ಅದನ್ನು ಹೊತ್ತುಕೊಂಡೇ ಕಳೆಯಬೇಕು. ಅಲ್ಲ ಎಂದರೆ ಅದು ಸುಳ್ಳಾಗಬಹುದು, ಮತ್ತು ಎದುರಿಗೆ ಕೂತವಳಿಗೆ ಅದು ಸುಳ್ಳೆಂದು ಗೊತ್ತಾಗುತ್ತದೆ.

"ನನಗ ಹೆಂಗ ಗೊತ್ತಾಗಬೇಕ್ರೀ ಅವ್ವಾರ," ಎಂದಳು ಕೊನೆಗೆ. "ನಾ ಆವಾಗ ಇಲ್ಲಿ ಇರಲಿಲ್ಲ."

"ಹೌದು. ನೀ ಇರಲಿಲ್ಲ."

ಒಳಗೆ ಕೂಸು ಎದ್ದು ಅಳತೊಡಗಿತು, ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ. ವಿರೂಪಾಕ್ಷಮ್ಮ ಮೊಣಕಾಲಿಗೆ ಕೈ ಊರಿ ಎದ್ದಳು. "ಇನ್ನೊಂದು ರೊಟ್ಟಿ ತಗೋ. ಹೊಳಿ ಮುಟ್ಟೂತನಾ ಹಸಿವಾಗತೈತಿ," ಎಂದು ಬುಟ್ಟಿಯಿಂದ ತೆಗೆದು ಅವಳ ಕೈಗೇ ಕೊಟ್ಟು ಒಳಗೆ ಹೋದಳು.

ಆ ವರ್ಷದ ಸುಗ್ಗಿಯ ನಂತರ ಕೊಟ್ರಬಸಪ್ಪ ಹಿಂದಿನ ಕೋಣೆಯ ತಗಡು ಬಿಚ್ಚಿಸಿ ಹೊಟ್ಟಿನ ಮನೆಗೆ ಹಾಕಿಸಿದ. ಕೋಣೆಗೆ ತೊಲೆ, ಜಂತೆ, ಬೇವಿನ ಸೊಪ್ಪು, ಅದರ ಮೇಲೆ ಮೇಲುಮುದ್ದೆಯ ಮಣ್ಣು. ಮೊದಲ ಮಳೆಗಾಲದಲ್ಲಿ ಅದು ಎರಡು ಕಡೆ ಸೋರಿತು. ಅವನು ತಿಂಗಳುಗಟ್ಟಲೆ ಅದಕ್ಕಾಗಿ ಗೊಣಗಿದ, ಆದರೆ ತಗಡು ಮತ್ತೆ ಹಾಕಿಸಲಿಲ್ಲ. ಅದೆಲ್ಲ ಆಮೇಲಿನ ಮಾತು. ಕುಕನೂರು ಬಿಟ್ಟ ಪಕೀರಮ್ಮ ಭಾನಾಪುರದಲ್ಲಿ ರೈಲು ಹತ್ತಿ ಊರು ಮುಟ್ಟಿದಾಗ ಹೊಳೆಗೆ ಕೆಂಪು ನೀರು ಬಂದಿತ್ತು. ದಂಡೆಯಲ್ಲಿ ಹೊನ್ನೂರಪ್ಪ ಹರಿಗೋಲಿಗೆ ಹೊಸ ಚರ್ಮ ಬಿಗಿಯುತ್ತಿದ್ದ. ಇಷ್ಟು ದಿನ ಎಲ್ಲಿ ಉಳಿದೆ ಎಂದು ಅವನು ಕೇಳಿದ. ಅವಳು ಗಂಟು ಇಳಿಸಿ, ಕಾಲನ್ನು ನೀರಿಗೆ ಬಿಟ್ಟು ಕೂತು, ಮೊದಲಿನಿಂದ ಹೇಳತೊಡಗಿದಳು.